ಹಿಗ್ಗಿಸಿದ ಸ್ಲೀವ್

ಆಸ್ಪತ್ರೆಯವರು ಕೊಟ್ಟಿದ್ದ ಎಲಾಸ್ಟಿಕ್ಕಿನ ಬಿಗಿ ಸ್ಲೀವ್ ಆ ಬೆಳಿಗ್ಗೆ ಸುಲೋಚನಳ ಬಲಗೈಗೆ ಒಂದೇ ಸಲಕ್ಕೆ ಜಾರಿಕೊಂಡು ಹೋಯಿತು. ಆಪರೇಷನ್ನಿನಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ನೀರು ತುಂಬಿ ಊದಿಕೊಳ್ಳುತ್ತಿದ್ದ ಕೈ ಅದು. ದಿನವೂ ಹಲ್ಲು ಕಚ್ಚಿಕೊಂಡು ಸ್ಲೀವ್ ಏರಿಸಿದ್ದರಿಂದಲೇ ಊತ ಇಳಿಯತೊಡಗಿತ್ತು. ಈಗ ಆ ಸ್ಲೀವ್ ಮೊಣಕೈ ಬಳಿ ನಿರಿಗೆಯಾಗಿ ಜೋತುಬಿದ್ದಿತ್ತು.

"ಸಲೀಸಾಯ್ತಲ್ಲ ಮಾರಾಯ್ತಿ?" ಬಾಗಿಲಲ್ಲಿ ನಿಂತಿದ್ದ ಗಂಡ ಧರ್ಮಪ್ಪ ನಗುತ್ತಿದ್ದ. "ಸ್ಪ್ರಿಂಕ್ಲರ್ ಪೈಪಿನ ತುಂಡಿಗೆ ಏರಿಸಿ ರಾತ್ರಿಯಿಡೀ ಹಂಡೆ ಒಲೆ ಪಕ್ಕ ಇಟ್ಟಿದ್ದೆ. ಚೆನ್ನಾಗಿ ಹಿಗ್ಗಿದೆ."

"ಬಿಗಿಯಾಗಿದ್ರೇನೇ ಅದು ಔಷಧಿ, ರೀ." ಅವಳು ದನಿ ಏರಿಸಲಿಲ್ಲ. ತನ್ನ ನೋವು ನೋಡಲಾರದೆ ಮಾಡಿದ್ದಾನೆ, ಬೈದರೆ ತಪ್ಪಾದೀತು ಎನಿಸಿತು.

"ಹೌದಾ? ನಂಗೇನ್ ಗೊತ್ತು. ಕಾಫಿ ಕುಯ್ಯೋಕೆ ಆಳು ಹುಡುಕ್ಕೊಂಡು ಕೊಟ್ಟಿಗೆಹಾರದ ತನಕ ಹೋಗ್ಬಂದೆ, ಒಬ್ರೂ ಸಿಗ್ಲಿಲ್ಲ. ಆ ಬಿಗೀಲಿ ನಿಂಗೆ ಗಿಡ ಬಗ್ಸೋಕೆ ಆಗಲ್ಲ ಅಂತ ಹಿಂಗ್ ಮಾಡ್ದೆ."

ಸುಲೋಚನ ಸ್ಲೀವ್ ಕಳಚಿದಳು. ಗಂಡನ ಕೈ ಹಿಡಿದು, ನರ್ಸ್ ಕಲಿಸಿದ್ದಂತೆಯೇ, ಮಣಿಕಟ್ಟಿನಿಂದ ಭುಜದವರೆಗೆ ಒಂದೂ ಸುಕ್ಕಿಲ್ಲದೆ ಅದನ್ನು ಏರಿಸಿದಳು. ಅಳತೆ ಕೊಟ್ಟು ಹೊಲಿಸಿದ ಹಾಗೆ ಅವನಿಗೆ ಕೂತಿತು.

"ನಿಮ್ಗೇ ಸರಿಯಾಯ್ತು," ಎಂದಳು. "ಕಾಫಿ ಕುಯ್ಯೋ ಬುಟ್ಟೀನೂ ನೀವೇ ಸೊಂಟಕ್ಕೆ ಕಟ್ಕಳಿ."