ಹಿಡಿಯ ಅಚ್ಚು

ಒದ್ದೆ ಬಟ್ಟೆ ಸರಿಸಿ ಆ ಮಣ್ಣಿನ ಅಚ್ಚು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು: ಇದು ಬೇರೆ ಹೆಂಗಸಿನ ಕೈ.

ಮನೆಯ ಹಿಂದಿನ ಕೋಣೆಯಲ್ಲಿ ಅವಳ ಗಂಡ ಎಲೆಕ್ಟ್ರಿಕ್ ಗಿಟಾರು ಮಾಡುತ್ತಾನೆ. ಒಬ್ಬನೇ, ಕೈಯಿಂದಲೇ. ಅವನದೊಂದು ಪದ್ಧತಿ. ಗಿಟಾರು ಬೇಕೆಂದು ಬಂದವರ ಎಡಗೈಗೆ ಮೊದಲು ಒಂದು ಉದ್ದನೆಯ ಮಣ್ಣಿನ ಮುದ್ದೆ ಕೊಟ್ಟು ಹಿಂಡಿ ಅನ್ನುತ್ತಾನೆ. ಬೆರಳು ಎಲ್ಲಿ ಕೂತಿತು, ಹೆಬ್ಬೆರಳು ಎಷ್ಟು ಒತ್ತಿತು, ಆ ಅಚ್ಚು ನೋಡಿಕೊಂಡೇ ಎಡಗೈ ಹಿಡಿಯುವ ಗಿಟಾರಿನ ಕುತ್ತಿಗೆ ಕೆತ್ತುತ್ತಾನೆ. ಕಾಲು ನೋಡಿ ಚಪ್ಪಲಿ ಹೊಲಿದಂತೆ ಕೈ ನೋಡಿ ಮರ ಕೆತ್ತಬೇಕು ಅನ್ನುವುದು ಅವನ ಮಾತು.

ಅವಳ ಸಂಸಾರ ಶುರುವಾದದ್ದೂ ಅಂಥದೇ ಮುದ್ದೆಯಿಂದ. ಆಗ ಅವಳು ವಾದ್ಯಗೋಷ್ಠಿಯೊಂದರಲ್ಲಿ ಗಿಟಾರು ಬಾರಿಸುತ್ತಿದ್ದಳು. ಹೊಸದು ಮಾಡಿಸಲು ಬಂದು ಹಿಂಡಿದ ರಭಸಕ್ಕೆ ಮಣ್ಣು ಬೆರಳಸಂದಿಯಿಂದ ಉಕ್ಕಿತ್ತು. “ಗಿಟಾರು ಬೇಕೋ, ಕುಸ್ತಿಗೆ ಬಂದಿದ್ದೋ?” ಎಂದು ಅವನು ನಕ್ಕಿದ್ದ. ಬೇರೆಯವರ ಅಚ್ಚನ್ನೆಲ್ಲ ಕೆಲಸ ಮುಗಿದ ಮೇಲೆ ಕಲಸಿಬಿಡುವವನು ಅವಳದನ್ನು ಮಾತ್ರ ಸುಟ್ಟು ಗಟ್ಟಿ ಮಾಡಿ ಕಿಟಕಿಯಲ್ಲಿ ಇಟ್ಟುಕೊಂಡಿದ್ದ. ಮಕ್ಕಳಿಲ್ಲದ ಮನೆ. ಅವಳಿಗೆ ಇದ್ದದ್ದು ಈ ಗಂಡ, ಆ ಕಿಟಕಿ.

ಈಗ ಅದೇ ಕಿಟಕಿಯಲ್ಲಿ, ಅವಳ ಅಚ್ಚಿನ ಮಗ್ಗುಲಲ್ಲಿ, ಇನ್ನೊಂದು. ಕೂಸಿಗೆ ಹೊದಿಸಿದಂತೆ ಬಟ್ಟೆ ಹೊದಿಸಿದ್ದ. ಬೆರಳ ಗುರುತು ಹೂವು ಒತ್ತಿದಷ್ಟು ತೆಳು. ಹೆಬ್ಬೆರಳಿನದಂತೂ ಇದ್ದೂ ಇಲ್ಲದಂತೆ. ಅದನ್ನು ಮುಟ್ಟಲೂ ಅವಳಿಗೆ ಹೇಸಿಗೆಯಾಯಿತು. ಬಟ್ಟೆ ಎಳೆದು ಮುಚ್ಚಿ ಅಡುಗೆಮನೆಗೆ ಬಂದಳು.

ಅಲ್ಲಿ ಅವಳ ಅಕ್ಕ ಬಂದು ಕೂತಿದ್ದಳು.

“ಅಕ್ಕಾ, ಆ ಸಕ್ಕರೆ ಡಬ್ಬಿ ಮುಚ್ಚಳ ತೆಗಿ. ನನಗೆ ಕೈಕಾಲೇ ಆಡ್ತಿಲ್ಲ.”

ಅಕ್ಕ ಮುಚ್ಚಳ ತಿರುಗಿಸಿದಳು. “ಏನಾಯ್ತೇ? ಮುಖ ಯಾಕೆ ಹೀಗಿದೆ?”

ಇವಳು ಕಂಡದ್ದನ್ನೆಲ್ಲ ಹೇಳಿದಳು.

“ಯಾವಳೋ ಸುಕುಮಾರಿ ಇರಬೇಕು,” ಅಂದಳು ಅಕ್ಕ. “ನಿನ್ನ ಹಾಗೆ ಬಟ್ಟೆ ಒಗೆದ ಕೈಯಲ್ಲ.”

“ಕುತ್ತಿಗೆ ಕೆತ್ತಿ ಮುಗಿಸ್ತಾರೆ, ನೋಡ್ತಾರೆ, ಒಲೆಗೆ ಹಾಕ್ತಾರೆ. ಮತ್ತೆ ಹೊಸದು. ಪ್ರತಿ ಸಲಾನೂ ಮುಂಚಿನದಕ್ಕಿಂತ ಸಣ್ಣದು.”

“ಮಹಾರಾಣಿಯವರಿಗೆ ಒಪ್ಪಿಗೆ ಆಗಿಲ್ಲ ಅಂತ ಕಾಣುತ್ತೆ.”

“ತಂತಿ ಸುತ್ತೋ ಕೆಲಸಾನೂ ನನ್ನಿಂದ ಕಿತ್ಕೊಂಡ್ರು ಅಕ್ಕಾ.” ಗಿಟಾರಿನ ನಾದ ಹಿಡಿಯುವ ಪಿಕಪ್ಪಿಗೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತಬೇಕು, ಮೊದಲಿನಿಂದಲೂ ಆ ಕೆಲಸ ಅವಳದು. “ಈಗ ಬರೋ ತಂತಿ ಸರಿಯಿಲ್ಲ, ಪಟ್ ಪಟ್ ಅಂತ ಹರಿದುಹೋಗುತ್ತೆ. ಅಷ್ಟಕ್ಕೇ, ‘ನೀನು ಬಿಡು, ನಾನು ಸುತ್ಕೋತೀನಿ’ ಅಂದ್ರು. ಕೋಣೆಗೆ ನಾನು ಬರಬಾರದಲ್ಲ, ಅದಕ್ಕೆ.”

“ಆಸ್ಪತ್ರೆಗೆ ಬೇರೆ ಓಡಾಡ್ತಾನಂತೆ?”

“ನನಗೆ ಸುಸ್ತು ಅಂತ ಪರೀಕ್ಷೆ ಮಾಡಿಸಿದ್ವಲ್ಲ, ಅದರ ರಿಪೋರ್ಟ್ ತರೋಕೆ. ಏನೂ ಇಲ್ಲ ಅಂದ್ರಂತೆ.”

“ಏನೂ ಇಲ್ಲದ ರಿಪೋರ್ಟಿಗೆ ಎಷ್ಟು ಸಲ ಹೋಗ್ತಾರೆ? ಅಲ್ಲಿ ನರ್ಸುಗಳು ಇರ್ತಾರೆ ಕಣೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ನಾವೂ ಕಣ್ಣು ಮುಚ್ಕೋಬೇಕಾ?”

ಅವಳು ಚಹಾದ ಲೋಟವನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ಕುಡಿದಳು. ಇವನೂ ಹೋದರೆ ತನಗೆ ಉಳಿಯುವುದೇನು ಎಂದು ಯೋಚಿಸಿದಳು. ಅಕ್ಕ ಹೊರಟ ಮೇಲೆ ಎದ್ದು ನೇರವಾಗಿ ಹಿಂದಿನ ಕೋಣೆಗೆ ನಡೆದಳು.

ಅವನು ಅಷ್ಟರಲ್ಲಿ ಬಂದು ಹೊಸ ಕುತ್ತಿಗೆಯೊಂದಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದ. ಮೈಯೆಲ್ಲ ಮರದ ಹುಡಿ. ಆ ಮರ ಎಷ್ಟು ಸಣ್ಣಗಿತ್ತೆಂದರೆ, ಮಗುವಿಗೆ ಮಾಡಿದಂತಿತ್ತು.

“ಯಾರು ಅವಳು?”

ಉಜ್ಜುವ ಸದ್ದು ನಿಂತಿತು. ಅವನು ಕಿಟಕಿಯ ಕಡೆ ನೋಡಿದ. ಬಟ್ಟೆ ಸೊಟ್ಟಗಿತ್ತು.

“ನೋಡಿಬಿಟ್ಟೆಯಾ?”

“ನನಗೇನು ಕಣ್ಣಿಲ್ವಾ? ಅದು ಗಂಡಸಿನ ಕೈಯಲ್ಲ.”

“ಅಲ್ಲ.”

ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಹೊಟ್ಟೆಕಿಚ್ಚಿಗೆ ಎಣ್ಣೆ ಸುರಿದಂತಾಯಿತು. “ಅವಳಿಗೋಸ್ಕರ ಎಷ್ಟು ಮರ ಸುಟ್ರಿ? ನಾಚಿಕೆ ಆಗಲ್ವಾ ನಿಮಗೆ?”

“ಏನು ಮಾಡಲಿ? ನಾನು ಕೆತ್ತಿ ಮುಗಿಸೋ ಹೊತ್ತಿಗೆ ಆ ಕೈಯಲ್ಲಿ ಇನ್ನೊಂದಿಷ್ಟು ಶಕ್ತಿ ಹೋಗಿರುತ್ತೆ. ಮತ್ತೆ ಇದು ದಪ್ಪ ಅನ್ಸುತ್ತೆ. ಎಷ್ಟು ಓಡಿದ್ರೂ ಸಿಗ್ತಿಲ್ಲ.” ಅವನು ಕೈಯಲ್ಲಿದ್ದ ಮರವನ್ನೇ ನೋಡುತ್ತಿದ್ದ. “ಹೋದ ಶಕ್ತಿ ವಾಪಸ್ ಬರಲ್ಲ ಅಂದ್ರು ಡಾಕ್ಟರು. ಎಡಗೈ ಆದ್ಮೇಲೆ ಬಲಗೈಯಂತೆ. ಆಮೇಲೆ ಉಳಿದದ್ದು.”

ರೋಗಿಷ್ಟೆ! ಒಂದು ಗಳಿಗೆ ಅವಳಿಗೂ ಅಯ್ಯೋ ಅನ್ನಿಸಿತು. ಮರುಗಳಿಗೆ ಹಾಗನ್ನಿಸಿದ್ದಕ್ಕೇ ಸಿಟ್ಟು ಬಂತು.

“ಅವಳಿಗೆ ಗೊತ್ತಾ?”

“ಹೇಳೋಕೆ ನನಗೆ ಬಾಯೇ ಬರಲಿಲ್ಲ. ಗಿಟಾರು ಮುಗೀಲಿ, ಒಂದೇ ಒಂದು ಸಲ ಮೊದಲಿನ ಹಾಗೆ ಬಾರಿಸಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಈಗ ಅದೂ ಆಗಲ್ಲ ಅನ್ಸುತ್ತೆ.”

“ಮಾತು ತೇಲಿಸಬೇಡಿ. ಅವಳನ್ನ ಯಾವಾಗ ಈ ಮನೆಗೆ ಕರ್ಕೊಂಡು ಬಂದ್ರಿ? ಅವಳು ಮಣ್ಣು ಹಿಂಡುವಾಗ ನಾನೆಲ್ಲಿದ್ದೆ?”

ಅವನು ಮರವನ್ನು ಮೆಲ್ಲಗೆ ಕೆಳಗಿಟ್ಟ.

“ಮೊನ್ನೆ ಹದವಾಗಿದೆಯಾ ಹಿಂಡಿ ನೋಡು ಅಂತ ನಿನ್ನ ಎಡಗೈಗೆ ಕೊಟ್ಟಾಗ, ‘ಕಲ್ಲಾಗಿದೆ ಕಣ್ರೀ’ ಅಂತ ವಾಪಸ್ ಕೊಟ್ಯಲ್ಲ,” ಅಂದ, “ಆ ಮಣ್ಣು ಬೆಣ್ಣೆ ಹಾಗಿತ್ತು ಕಣೇ.”