ಎಲುಬಿನ ಫೋಟೋ

ನಾಗಮ್ಮ ಗಾಡಿಯಿಂದ ಇಳಿಯಲು ಒಪ್ಪಲಿಲ್ಲ.

"ಎಣ್ಣೆ ತಿಕ್ಕಿದ್ರೆ ಹೋಗೋ ನೋವಿಗೆ ಕುಮಟೆ ಆಸ್ಪತ್ರೆ ಎಂತಕ್ಕೆ?"

ಬಾವಿಕಟ್ಟೆಯಲ್ಲಿ ಜಾರಿ ಬಿದ್ದಂದಿನಿಂದ ಅವಳಿಗೆ ಎಡಗಾಲು ಊರಲಾಗುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಮೀನುಸಾರಿನ ವಾಸನೆಗೇ ಮುಖ ತಿರುಗಿಸುತ್ತಿದ್ದಳು. ನೋವು ಒಳಗೊಳಗೇ ತಿನ್ನುತ್ತಿದೆ ಎಂದು ಮಗ ಮಾಬ್ಲೇಶ್ವರ ಹೆದರಿ, ಕಾಗಾಲದಿಂದ ಹಟ ಹಿಡಿದು ಕರೆತಂದಿದ್ದ. ಅವನೇ ತಾಯಿಯನ್ನು ಎತ್ತಿ ಇಳಿಸಿದ. ಸೊಸೆ ಗಣಪಿ ತೋಳು ಕೊಟ್ಟಳು. ನಾಗಮ್ಮನ ಗಂಡ ದುರ್ಗಪ್ಪ ಬಂದಿರಲಿಲ್ಲ. ಆಸ್ಪತ್ರೆಯ ಮಾತೆತ್ತಿದ ಕೂಡಲೇ ಮಗನ ಮುಖವನ್ನೂ ನೋಡದೆ ಗದ್ದೆಯ ಕಡೆ ನಡೆದುಬಿಟ್ಟಿದ್ದ.

ಗಣಪಿಗೆ ಮದುವೆಯಾಗಿ ಐದು ಮಳೆಗಾಲ ಕಳೆದಿದ್ದವು. ತೊಟ್ಟಿಲು ಇನ್ನೂ ಅಟ್ಟದ ಮೇಲೇ ಇತ್ತು. "ಬಿತ್ತಿದ್ದು ಮೊಳೆಯದ ಗದ್ದೆ" ಎಂದು ಅತ್ತೆ ನೆರೆಮನೆಯ ಸುಕ್ರಿಯ ಎದುರೇ ಆಡಿಕೊಂಡಿದ್ದಳು. ಈಚೆಗೆ ಆ ಮಾತು ನಿಂತಿತ್ತು. ಬೈಯುವುದಕ್ಕೂ ಬೇಡವಾದೆನಲ್ಲ ಎಂದು ಗಣಪಿ ಇನ್ನಷ್ಟು ಕುಗ್ಗಿದ್ದಳು.

ಡಾಕ್ಟರು ಯುದ್ಧಕಾಲದಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿದ್ದು ಬಂದವರು. ಸೊಂಟ ಒತ್ತಿ ನೋಡಿದರು. "ಎಕ್ಸ್‌ರೇ ಬೇಕು. ಎಲುಬಿನ ಫೋಟೋ."

"ಹೊಟ್ಟೆ ಒಳಗಿಂದೂ ಕಾಣ್ತದ್ಯಾ?" ನಾಗಮ್ಮ ಕೇಳಿದಳು.

ಡಾಕ್ಟರು ನಕ್ಕರು. "ಹೆದರಬೇಡಿ ಅಜ್ಜಿ, ಸೊಂಟದ ಎಲುಬು ಕಂಡರೆ ಸಾಕು."

ನಾಗಮ್ಮನಿಗೆ ನಲವತ್ತು ತುಂಬಿರಲಿಲ್ಲ. ತಲೆ ಮಾತ್ರ ಬೇಗ ನೆರೆತಿತ್ತು. ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಡಾಕ್ಟರು ಗಣಪಿಯನ್ನು ತಡೆದರು.

"ನೀನು ಬಸುರಿಯೇನಮ್ಮ? ಇರಬಹುದು ಅನ್ನುವ ಅನುಮಾನ ಇದ್ದರೂ ಹೊರಗೇ ನಿಲ್ಲು. ಈ ಕಿರಣ ಹೊಟ್ಟೆಯಲ್ಲಿರುವ ಕೂಸಿಗೆ ಒಳ್ಳೆಯದಲ್ಲ. ನಾಚಿಕೊಂಡು ಬಾಯಿ ಮುಚ್ಚಿಕೊಂಡಿದ್ದರೆ ಆಮೇಲೆ ನಾನೇನೂ ಮಾಡಲಾರೆ."

ಕಂಪೌಂಡರ್ ತಿರುಗಿ ನೋಡಿದ. ಹಿಂದೆ ನಿಂತಿದ್ದ ಮಾಬ್ಲೇಶ್ವರ ಗೋಡೆಯತ್ತ ಮುಖ ಮಾಡಿದ. ಗಣಪಿಯ ಕಿವಿ ಕಾದು ಕೆಂಪಾದವು.

"ಇಲ್ಲ," ಎಂದಳು, ನೆಲ ನೋಡುತ್ತ.

ಇನ್ನು ಅತ್ತೆ ಒಂದು ಮಾತು ಸೇರಿಸುತ್ತಾಳೆ ಎಂದು ಕಾದಳು. ನಾಗಮ್ಮ ತುಟಿ ಬಿಚ್ಚಲಿಲ್ಲ. ಆ ಮೌನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಒಳಗೆ ನಾಗಮ್ಮನನ್ನು ಮೇಜಿನ ಮೇಲೆ ಮಲಗಿಸಿದರು. ಗಣಪಿ ಪಕ್ಕದಲ್ಲಿ ನಿಂತಳು. ಯಂತ್ರ ಗುಂಯ್‌ಗುಟ್ಟಿತು. ಅದರ ಕಪ್ಪು ಮೂತಿಯನ್ನು ಡಾಕ್ಟರು ಅವಳ ಸೊಂಟದ ಮೇಲಕ್ಕೆ ತಂದು ನಿಲ್ಲಿಸಿದರು.

"ಅಲ್ಲಾಡಬೇಡಿ. ಉಸಿರು ಹಿಡಿಯಿರಿ."

ನಾಗಮ್ಮ ಉಸಿರು ಹಿಡಿಯಲಿಲ್ಲ. ಸೊಸೆಯ ಕೈ ಹಿಡಿದಳು. ಬಳೆ ಒಡೆಯುವಷ್ಟು ಬಿಗಿಯಾಗಿ.

"ಎಂತ ಆತು ಅತ್ತೆ? ನೋವಾ?"

ನಾಗಮ್ಮ ಅಲ್ಲವೆಂದು ತಲೆಯಾಡಿಸಿದಳು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ಡಾಕ್ಟರು ಗುಂಡಿಯ ಮೇಲೆ ಕೈಯಿಟ್ಟರು. ಎಲ್ಲರೆದುರು ಆಡದ ಮಾತನ್ನು ಈಗ ಕಿವಿಯಲ್ಲಿ ಆಡುತ್ತಾಳೆ ಎಂದುಕೊಂಡು ಗಣಪಿ ಹಲ್ಲು ಕಚ್ಚಿ ಬಗ್ಗಿದಳು.

"ನಿಲ್ಸೂಕೆ ಹೇಳೇ ಗಣಪೀ," ಎಂದಳು ನಾಗಮ್ಮ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು. "ನಂಗೆ ಮೂರು ತಿಂಗ್ಳು ಆತು."