ಡಬ್ಬಿಯೊಳಗಿನ ದನಿ

ಮುದ್ದೆ ತಿರುವುತ್ತಿದ್ದ ಜಯಶೀಲ ಬಾಗಿಲ ಸದ್ದಿಗೆ ಎದ್ದು ಹೋಗಿ ತೆರೆದಳು. ಗಾರ್ಮೆಂಟ್ಸಿನ ಸೂಪರ್‌ವೈಸರ್ ಕೆಂಪರಾಜು ಅವಳ ದನಿಯಿದ್ದ ಡಬ್ಬಿ ಹಿಡಿದು ನಿಂತಿದ್ದ. ಬೆಳಿಗ್ಗೆ ಗೇಟಿನಲ್ಲಿ ದನಿಯನ್ನು ಡಬ್ಬಿಯೊಳಗೆ ಬಿಟ್ಟು ಸಂಜೆ ಪಡೆದು ಮನೆಗೆ ಹೋಗುವುದು ಎಲ್ಲ ಕೆಲಸದವರ ವಾಡಿಕೆ. ಒಂದು ಬೆಳಿಗ್ಗೆ ದನಿ ಬಿಡುವ ಮುನ್ನ ಗೇಟಿನಲ್ಲೇ ದೂರು ಹೇಳಿದ ಇವಳನ್ನು ಮಾತ್ರ ಸಂಜೆ ದನಿ ಕೊಡದೆ ಕೆಲಸದಿಂದ ತೆಗೆದಿದ್ದರು.

"ನಾನಾಗೇ ಕೆಲ್ಸ ಬಿಟ್ಟೆ ಅಂತ ಸೈನ್ ಹಾಕ್ಬುಡವ್ವ, ತಕ್ಕೋ ನಿನ್ ದನಿ. ಮಗೀಗೆ ಜೋಗುಳ ಹಾಡಕ್ಕಾದ್ರೂ ಬೇಡ್ವಾ?" ಎನ್ನುತ್ತಾ ಅವನು ಮುಚ್ಚಳವನ್ನು ತುಸು ಸರಿಸಿದ.

ಅವಳದೇ ದನಿ ಹೊರಬಂತು: "ಬೆಂಕಿ ಬಿದ್ರೆ ಎತ್ಲಾಗೆ ಓಡನ ಸಾರ್? ಹಿಂದಿನ ಬಾಗ್ಲು ಬೀಗ ತೆಗೀರಿ!"

ಕೆಂಪರಾಜು ಗಾಬರಿಯಿಂದ ಮುಚ್ಚಿದ.

ಆ ಬೀಗದ ಬಗ್ಗೆ ಅವಳು ಲೇಬರ್ ಆಫೀಸಿಗೆ ಬರೆದ ಕಾಗದ, ಕಳಿಸಿದರೆ ದನಿ ಇನ್ನೆಂದೂ ಸಿಗಲಾರದೆಂಬ ಹೆದರಿಕೆಯಿಂದ, ತಿಂಗಳುಗಟ್ಟಲೆ ದಿಂಬಿನಡಿಯೇ ಇತ್ತು. ಜಯಶೀಲ ಒಲೆ ಆರಿಸಿ, ಮಗುವನ್ನು ಕಂಕುಳಿಗೇರಿಸಿ, ಕಾಗದ ತೆಗೆದುಕೊಂಡು, ಅವನನ್ನು ದಾಟಿ ಹೋಗಿ ಅದನ್ನು ಅಂಚೆಪೆಟ್ಟಿಗೆಗೆ ಹಾಕಿದಳು.